ಆಜ್ ಮಾಟಗಾತಿ ಮಾರ್ಗರೆಟ್ ಹ್ಯಾಮಿಲ್ಟನ್: ಆ ಪಾತ್ರ ಅನ್ನ ಕೊಟ್ಟಿತೋ, ಕಿತ್ತುಕೊಂಡಿತೋ?

ಮೂಲೆಸೀಟು
1939ರ ಹಾಲಿವುಡ್ ಸಿನಿಮಾ 'ದಿ ವಿಝರ್ಡ್ ಆಫ್ ಆಜ್' (ಸುಂಟರಗಾಳಿಗೆ ಸಿಕ್ಕಿ ಆಜ್ ಅನ್ನೋ ಮಾಯಾಲೋಕ ಸೇರಿದ ಹುಡುಗಿ ಡೊರೊಥಿಯ ಕಥೆ) ಬಗ್ಗೆ ಎಲ್ಲಿ ಓದಿದರೂ ಒಂದು ಸಾಲು ಇದ್ದೇ ಇರುತ್ತೆ: "ಹಸಿರು ಮುಖದ ಮಾಟಗಾತಿಯಾದ ಮಾರ್ಗರೆಟ್ ಹ್ಯಾಮಿಲ್ಟನ್ ಆ ಪಾತ್ರದಿಂದ ಜೀವನಪೂರ್ತಿ ಹೊರಗೆ ಬರಲಾಗಲಿಲ್ಲ, ಆಮೇಲೆ ಅವರಿಗೆ ಒಳ್ಳೆ ಪಾತ್ರ ಸಿಗಲಿಲ್ಲ." ಸುಮಾರು 100 ನಿಮಿಷದ ಸಿನಿಮಾದಲ್ಲಿ ಆಕೆ ತೆರೆ ಮೇಲಿರೋದು 12 ನಿಮಿಷದಷ್ಟು ಅಂತಾರೆ. ಅಷ್ಟರಲ್ಲೇ 2003ರ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಖಳರ ಪಟ್ಟಿಯಲ್ಲಿ 4ನೇ ಜಾಗ. ಹ್ಯಾನಿಬಲ್ ಲೆಕ್ಟರ್, ನಾರ್ಮನ್ ಬೇಟ್ಸ್, ಡಾರ್ತ್ ವೇಡರ್ ಬಿಟ್ಟರೆ ಇವರೇ.

ನನ್ನ ಪ್ರಶ್ನೆ: ಆ ಪಾತ್ರದಿಂದ ಕೆಲಸ ನಿಜವಾಗ್ಲೂ ಕಮ್ಮಿ ಆಯ್ತಾ? ಚಿತ್ರಗಳ ಪಟ್ಟಿ ನೋಡಿದ್ರೆ ಹಾಗೆ ಅನ್ನಿಸ್ತಿಲ್ಲ. ತಿಳಿದವರು ಹೇಳಿ.

ಅರ್ಧಟಿಕೆಟ್
ಅಪೊಲೋ 11ಕ್ಕೆ ಕೋಡ್ ಬರೆದವರೂ ಇವರೇನಾ? ಆಲ್‌ರೌಂಡರ್!

ರೀಲುಪೆಟ್ಟಿಗೆ
@ಅರ್ಧಟಿಕೆಟ್ ಅಲ್ಲಪ್ಪಾ. ತನ್ನಷ್ಟೇ ಎತ್ತರದ ಅಪೊಲೋ ಕೋಡ್ ಕಾಗದದ ಕಟ್ಟಿನ ಪಕ್ಕ ನಿಂತು ನಗ್ತಿರೋ ಫೋಟೋದವರು ಬೇರೆ ಮಾರ್ಗರೆಟ್ ಹ್ಯಾಮಿಲ್ಟನ್, 1936ರಲ್ಲಿ ಹುಟ್ಟಿದವರು. ನಮ್ಮ ಮಾಟಗಾತಿ ಹುಟ್ಟಿದ್ದು 1902 ಡಿಸೆಂಬರ್ 9, ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ. ತೀರಿಕೊಂಡದ್ದು 1985 ಮೇ 16. ಓದಿದ್ದು ಬಾಸ್ಟನ್‌ನಲ್ಲಿ, ಶಿಶುವಿಹಾರದ ಟೀಚರ್ ತರಬೇತಿ. ಮಕ್ಕಳನ್ನ ಹೆದರಿಸಿ ಹೆಸರಾದವರ ಮೊದಲ ಕಸುಬು ಮಕ್ಕಳಿಗೆ ಪಾಠ ಹೇಳೋದು.

ಮೂಲ ಪ್ರಶ್ನೆಗೆ ಬಂದರೆ, 'ಒಳ್ಳೆ ಪಾತ್ರ ಸಿಗಲಿಲ್ಲ' ಅನ್ನೋದು ತಲೆಕೆಳಗಾದ ವಾದ. ಆಜ್‌ಗಿಂತ ಮುಂಚೆ ಯಾವ ಪಾತ್ರ ಮಾಡ್ತಿದ್ರು ಅಂತ ಯಾರೂ ಕೇಳೋದಿಲ್ಲ. 1932ರಲ್ಲಿ ಬ್ರಾಡ್‌ವೇಯಲ್ಲಿ 'ಅನದರ್ ಲ್ಯಾಂಗ್ವೇಜ್' ನಾಟಕ, 1933ರಲ್ಲಿ ಅದೇ ಸಿನಿಮಾ ಆದಾಗ ಮೊದಲ ಬಾರಿ ತೆರೆಗೆ. ಆಮೇಲೆ ಮನೆಗೆಲಸದವಳು, ಪಕ್ಕದ ಮನೆ ಚಾಡಿಕೋರಿ, ಸಿಡುಕು ಚಿಕ್ಕಮ್ಮ, ಮದುವೆಯಾಗದ ಅಕ್ಕ. 1939ರ ನಂತರವೂ ಇವೇ. ಪಾತ್ರಗಳು ಬದಲಾಗಲೇ ಇಲ್ಲ, ಹಾಗಿರುವಾಗ ಮಾಟಗಾತಿ ಏನನ್ನ ಕಿತ್ತುಕೊಂಡಳು?

ಧಾರವಾಡಪೇಢೆ
ನೀವು ಹೇಳೂದು ಖರೇ ಅದ ರೀ. ಇನ್ನೊಂದು ಸೇರಸ್ರಿ: ಅದೇ 1939ರಾಗ, ಅದೇ ಎಂಜಿಎಂ ಸ್ಟುಡಿಯೋದಾಗ, ಅದೇ ಜೂಡಿ ಗಾರ್ಲಂಡ್ (ಆಜ್‌ನ ಡೊರೊಥಿ) ಕೂಡ 'ಬೇಬ್ಸ್ ಇನ್ ಆರ್ಮ್ಸ್' ಮಾಡ್ಯಾರ. ಅಲ್ಲೂ ಹುಡುಗ್ರನ್ನ ಸರ್ಕಾರಿ ಶಾಲೆಗೆ ಹಾಕಸ್ಬೇಕಂತ ಹಟ ಹಿಡಿದ ಹೆಂಗಸಿನ ಪಾತ್ರ. ಬಣ್ಣ ಒರಸಿದ್ರ ಅದು ಮಿಸ್ ಗಲ್ಚ್‌ನ (ಆಜ್‌ನಾಗ ಹ್ಯಾಮಿಲ್ಟನ್ ಅವರದೇ ಇನ್ನೊಂದು ಪಾತ್ರ, ಡೊರೊಥಿ ಊರಿನ ಸಿಡುಕಿ) ತಂಗೀನ. ಜನಾ ಗುರುತ ಹಿಡೀಲಿಲ್ಲ, ಯಾಕಂದ್ರ ಮುಖ ಹಸಿರಿರಲಿಲ್ಲ!

ವಾದಪ್ರಿಯ
ಪಟ್ಟಿ ಉದ್ದ ಇದ್ದ ಮಾತ್ರಕ್ಕೆ ಗುಣಮಟ್ಟ ಬಂತಾ? 1951ರ 'ಪೀಪಲ್ ವಿಲ್ ಟಾಕ್'ನಲ್ಲಿ ಟೈಟಲ್‌ನಲ್ಲಿ ಹೆಸರೂ ಇಲ್ಲ. ಇದನ್ನ ಇಳಿಮುಖ ಅನ್ನದೆ ಏನನ್ನಬೇಕು? ಒಂದೇ ಅಚ್ಚಿಗೆ ಬಿದ್ದರು, ಅಷ್ಟೇ.

ರೀಲುಪೆಟ್ಟಿಗೆ
@ವಾದಪ್ರಿಯ ಅಚ್ಚಿಗೆ ಬಿದ್ದದ್ದು ಹೌದು. ಆದ್ರೆ ಆ ಅಚ್ಚು ಆಜ್ ಮಾಡಿದ್ದಲ್ಲ, ಮೂಗು-ಗದ್ದ ಮಾಡಿದ್ದು. ಪಾತ್ರಕ್ಕೆ ಕರೆ ಬಂದಾಗ ಯಾವ ಪಾತ್ರ ಅಂತ ಏಜೆಂಟನ್ನ ಕೇಳಿದ್ರಂತೆ, ಮಾಟಗಾತಿ ಬಿಟ್ಟು ಇನ್ಯಾವುದು ಅಂದನಂತೆ ಅವನು. ಇದನ್ನ ಅವರೇ ನಗ್ತಾ ಹೇಳ್ಕೊಳ್ತಿದ್ದರು.

ಮತ್ತೆ 'ಇಳಿಮುಖ'ದಲ್ಲಿ ಇವನ್ನೂ ಸೇರಿಸಿ: 1943ರ 'ದಿ ಆಕ್ಸ್-ಬೋ ಇನ್ಸಿಡೆಂಟ್', 1947ರಲ್ಲಿ ಪ್ರೆಸ್ಟನ್ ಸ್ಟರ್ಜಸ್ ನಿರ್ದೇಶನದಲ್ಲಿ ಹೆರಾಲ್ಡ್ ಲಾಯ್ಡ್‌ಗೆ ಅಕ್ಕ-ತಂಗಿ ಲೆಕ್ಕದ ಪಾತ್ರ, 1948ರಲ್ಲಿ ಸ್ಪೆನ್ಸರ್ ಟ್ರೇಸಿ ಜೊತೆ 'ಸ್ಟೇಟ್ ಆಫ್ ದಿ ಯೂನಿಯನ್'. ಕಸುಬುದಾರ ಪೋಷಕ ನಟಿಗೆ ಇದು ಕಳಪೆ ದಶಕವೇನಲ್ಲ.

ಲೆಕ್ಕದಪುಸ್ತಕ
ದುಡ್ಡಿನ ಕಡೆಯಿಂದ ನೋಡಿದರೆ ವಾದ ಸರಳ. ಹ್ಯಾಮಿಲ್ಟನ್ ಯಾವ ಸ್ಟುಡಿಯೋದ ಏಳು ವರ್ಷದ ಕರಾರಿಗೂ ಸಹಿ ಹಾಕಿ ಕೂತವರಲ್ಲ. ವಾರದ ಲೆಕ್ಕದಲ್ಲಿ ಕೆಲಸ. ಗಂಡನಿಂದ 1938ರಲ್ಲಿ ವಿಚ್ಛೇದನ, ಮನೆಯಲ್ಲಿ ಪುಟ್ಟ ಮಗ. ಹಾಗಾಗಿ ಆಕೆಗೆ ಮುಖ್ಯವಾದದ್ದು ಪಾತ್ರದ ಉದ್ದ ಅಲ್ಲ, 'ಎಷ್ಟು ವಾರ ಖಾತರಿ' ಅನ್ನೋದು. ಆಜ್‌ಗೂ ಮೊದಲು ಚೌಕಾಸಿ ನಡೆದದ್ದು ಇದರ ಮೇಲೇ. ಗಟ್ಟಿಯಾದದ್ದು 1938 ಅಕ್ಟೋಬರ್‌ನಲ್ಲಿ, ಶೂಟಿಂಗ್ ಶುರುವಾಗೋಕೆ ಮೂರು ದಿನ ಇರುವಾಗ.

ವಾರದ ಸಂಬಳ (ಸಿನಿಮಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡೋ ಅಂಕಿ): ಗುಮ್ಮನ (ಬೆದರುಬೊಂಬೆ) ಪಾತ್ರದ ರೇ ಬೋಲ್ಜರ್ 3,000 ಡಾಲರ್, ಹ್ಯಾಮಿಲ್ಟನ್ 1,000, ಜೂಡಿ ಗಾರ್ಲಂಡ್ 500, ನಾಯಿ ಟೋಟೋ 125. ಚಿತ್ರೀಕರಣ 1939ರ ಮಾರ್ಚ್‌ವರೆಗೆ ಎಳೀತು. ವಾರದ ಲೆಕ್ಕದವರಿಗೆ ಎಳೆದಷ್ಟೂ ಲಾಭ.

ಅರ್ಧಟಿಕೆಟ್
ನಾಯಿಗೆ 125?! ಮಂಚ್‌ಕಿನ್‌ಗಳಿಗೆ (ಆಜ್‌ನ ಕುಳ್ಳ ಜನ) ಎಷ್ಟು?

ಲೆಕ್ಕದಪುಸ್ತಕ
ವಾರಕ್ಕೆ 50 ಡಾಲರ್ ಅಂತಾರೆ. ಹೌದು, ನಾಯಿಗಿಂತ ಕಮ್ಮಿ.

ಕಡಲತಡಿ
ನೀವೆಲ್ಲ ಸಂಬಳ ಲೆಕ್ಕ ಹಾಕ್ತಾ ಕೂತದ್ದು ಸಾಕು ಮಾರಾಯ್ರೆ. ಶೂಟಿಂಗ್‌ನಲ್ಲಿ ಹ್ಯಾಮಿಲ್ಟನ್ ಸುಟ್ಟುಕೊಂಡ ಆ ಬೆಂಕಿ ಅವಘಡದ್ದು ಸರಿಯಾಗಿ ಯಾರಾದ್ರೂ ಹೇಳಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕೊನೆಗೆ ಮಾಟಗಾತಿ ಕರಗುವ ದೃಶ್ಯದಲ್ಲಿ ಸುಟ್ಟದ್ದು ಅಂತ ಒಬ್ಬರು, ಗುಮ್ಮನಿಗೆ ಬೆಂಕಿ ಎಸೆಯುವಾಗ ಅಂತ ಇನ್ನೊಬ್ಬರು.

ಬಣ್ಣದಪೆಟ್ಟಿಗೆ
ಎರಡೂ ತಪ್ಪು. 1938 ಡಿಸೆಂಬರ್ 23, ಮಂಚ್‌ಕಿನ್ ಊರಿನಿಂದ ಮಾಟಗಾತಿ ಮಾಯವಾಗೋ ದೃಶ್ಯ. ಆಕೆಗೆ 36 ತುಂಬಿ ಎರಡು ವಾರ.

ತಂತ್ರ ಹೀಗಿತ್ತು. ನೆಲದಲ್ಲಿ ಒಂದು ಗುಪ್ತ ಬಾಗಿಲು, ಅದರ ಕೆಳಗೆ ಸಣ್ಣ ಲಿಫ್ಟ್. ನಟಿ ಕೂಗ್ತಾ ಹಿಂದೆ ಹಿಂದೆ ನಡೆದು ಗುರುತಿನ ಮೇಲೆ ಬಂದು ನಿಲ್ಲಬೇಕು. ಮೊದಲು ಕೆಂಪು ಹೊಗೆ ಎದ್ದು ಅವಳನ್ನ ಮುಚ್ಚಬೇಕು, ಹೊಗೆಯ ಮರೆಯಲ್ಲಿ ಲಿಫ್ಟ್ ಸರ್ರನೆ ಇಳೀಬೇಕು, ತಲೆ ನೆಲದ ಕೆಳಗೆ ಹೋದ ಮೇಲೆ ಮಾತ್ರ ಬೆಂಕಿ. ಹೊಗೆ, ಇಳಿತ, ಬೆಂಕಿ. ಈ ಕ್ರಮ ಕ್ಷಣ ಹೆಚ್ಚುಕಮ್ಮಿ ಆಗೋ ಹಾಗಿಲ್ಲ.

ಮೊದಲ ಟೇಕ್ ಸುಸೂತ್ರ. ಸಿನಿಮಾದಲ್ಲಿರೋದು ಅದೇ. ಸೂಕ್ಷ್ಮವಾಗಿ ನೋಡಿ, ಅದರಲ್ಲೂ ಆಕೆ ಗುರುತು ಮುಟ್ಟೋ ಮೊದಲೇ ಹೊಗೆ ಏಳ್ತದೆ. ಇನ್ನೊಂದಿರಲಿ ಅಂತ ಮತ್ತೆ ತೆಗೆಯುವಾಗ ಲಿಫ್ಟ್ ಇಳಿಯೋಕೆ ಮುಂಚೆ ಬೆಂಕಿ ಹೊತ್ತಿಕೊಳ್ತು. ಪೊರಕೆಗೂ ಟೋಪಿಗೂ ತಗುಲಿ ಮುಖಕ್ಕೆ ಎರಡನೇ ದರ್ಜೆ, ಕೈಗೆ ಮೂರನೇ ದರ್ಜೆ ಸುಟ್ಟಗಾಯ. ಹುಬ್ಬು, ರೆಪ್ಪೆ ಹೋಯ್ತು.

ಅದಕ್ಕಿಂತ ಘೋರ ಆಮೇಲಿನದು. ಆ ಹಸಿರು ಬಣ್ಣದಲ್ಲಿದ್ದದ್ದು ತಾಮ್ರದ ಸಂಯುಕ್ತ. ಸುಟ್ಟ ಚರ್ಮದ ಮೇಲೆ ಅದು ಉಳಿದರೆ ಒಳಗಿಳಿದು ವಿಷ. ಹಾಗಾಗಿ ಮುಲಾಮು ಹಚ್ಚೋ ಮೊದಲು ಹಸಿ ಗಾಯವನ್ನ ಆಲ್ಕೋಹಾಲ್‌ನಿಂದ ಉಜ್ಜಿ ತೆಗೀಬೇಕಾಯ್ತು.

ಕಡಲತಡಿ
ಅಬ್ಬಾ. ಓದುವಾಗಲೇ ಮೈ ಜುಂ ಅಂತದೆ.

ಧಾರವಾಡಪೇಢೆ
ಬಣ್ಣದಪೆಟ್ಟಿಗೆಯವರ, ದಿನಾ ಆ ತಾಮ್ರದ ಬಣ್ಣ ಹಚ್ಚಿಕೊಂಡು ಊಟ ಹೆಂಗ ಮಾಡ್ತಿದ್ರು?

ಬಣ್ಣದಪೆಟ್ಟಿಗೆ
ಬಾಯಿಗೆ ಹೋಗಬಾರದು ಅನ್ನೋದೇ ದೊಡ್ಡ ತಲೆನೋವು. ಬಣ್ಣದ ಕೈಯಲ್ಲಿ ತಿನ್ನೋ ಹಾಗಿಲ್ಲ, ಕುಡಿಯೋ ಪದಾರ್ಥಗಳೇ ಹೆಚ್ಚು. ಗಿಡುಗನ ಮೂಗು ಮತ್ತೆ ಗದ್ದ ಅಂಟಿಸಿದ ತುಂಡುಗಳು, ಜಗಿದರೆ ಅಂಚು ಏಳ್ತದೆ. ಟೆಕ್ನಿಕಲರ್ ಅನ್ನೋ ಆಗಿನ ಬಣ್ಣದ ಚಿತ್ರೀಕರಣಕ್ಕೆ ಬೇಕಾದ ದೀಪಗಳ ಕೆಳಗೆ ಸೆಟ್ 100 ಡಿಗ್ರಿ ಫ್ಯಾರನ್‌ಹೀಟ್ ದಾಟ್ತಿತ್ತು, ಬೆವರಿಗೆ ಬಣ್ಣ ಕದಡ್ತದೆ, ದಿನವಿಡೀ ತಿದ್ದುಪಡಿ. ಶೂಟಿಂಗ್ ಮುಗಿದು ವಾರಗಟ್ಟಲೆ ಚರ್ಮದಲ್ಲಿ ಹಸಿರು ಛಾಯೆ ಉಳಿದಿತ್ತು. ಮೇಕಪ್ ವಿಭಾಗದ ಮುಖ್ಯಸ್ಥ ಜ್ಯಾಕ್ ಡಾನ್.

ಅದೇ ಸಿನಿಮಾದಲ್ಲಿ ತಗಡಿನ ಮನುಷ್ಯನಾಗಬೇಕಿದ್ದ ಬಡ್ಡಿ ಎಬ್ಸನ್‌ಗೆ ಅಲ್ಯೂಮಿನಿಯಂ ಪುಡಿ ಉದುರಿಸ್ತಿದ್ರು. ಅದು ಶ್ವಾಸಕೋಶಕ್ಕೆ ಹೋಗಿ ಆಸ್ಪತ್ರೆ ಸೇರಿದ್ರು. ಬದಲಿಗೆ ಬಂದ ಜ್ಯಾಕ್ ಹೇಲಿಗೆ ಪುಡಿ ಬಿಟ್ಟು ಲೇಪ ಮಾಡಿ ಹಚ್ಚಿದ್ರು. ಪುಡಿಗೂ ಲೇಪಕ್ಕೂ ಅಷ್ಟೇ ವ್ಯತ್ಯಾಸ, ಒಂದು ಉಸಿರಿಗೆ ಸೇರ್ತದೆ, ಇನ್ನೊಂದು ಸೇರಲ್ಲ.

ವಾದಪ್ರಿಯ
ಮೊಕದ್ದಮೆ ಯಾಕೆ ಹಾಕಲಿಲ್ಲ? ಇವತ್ತಾಗಿದ್ರೆ ಕೋಟಿಗಟ್ಟಲೆ ಪರಿಹಾರ.

ಲೆಕ್ಕದಪುಸ್ತಕ
ಮತ್ತೆ ಕೆಲಸ ಬೇಕಿತ್ತು, ಅದಕ್ಕೆ. ಅವರೇ ಕೊಟ್ಟ ಕಾರಣ ಅದು. ಒಂದು ಸ್ಟುಡಿಯೋ ಮೇಲೆ ಕೇಸು ಹಾಕಿದ ವಾರಗೂಲಿ ನಟಿಗೆ ಉಳಿದ ಸ್ಟುಡಿಯೋಗಳ ಬಾಗಿಲೂ ಮುಚ್ಚಿದ ಹಾಗೇ.

ಬಣ್ಣದಪೆಟ್ಟಿಗೆ
ಮೊಕದ್ದಮೆ ಹಾಕಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೂ ಕೂರಲಿಲ್ಲ. ಆರು ವಾರ ಬಿಟ್ಟು ವಾಪಸ್ ಬಂದಾಗ ಬೆಂಕಿ ಇರೋ ಕೆಲಸ ಮಾಡೋದಿಲ್ಲ ಅಂತ ಖಡಾಖಂಡಿತ ಹೇಳಿದ್ರು. ಕೈ ಇನ್ನೂ ಬಣ್ಣ ತಡೆಯೋ ಸ್ಥಿತಿಯಲ್ಲಿರಲಿಲ್ಲ, ಹಸಿರು ಕೈಗವಸು ಹಾಕಿ ತೆಗೆದ್ರು. ಆಕಾಶದಲ್ಲಿ ಪೊರಕೆ ಮೇಲೆ ಹಾರುವಾಗ ಹೊಗೆ ಉಗುಳೋ ಕೊಳವೆ ಕಟ್ಟಿದ್ರಲ್ಲ, ಅದನ್ನ ನೋಡಿದ್ದೇ ಆಗಲ್ಲ ಅಂದ್ರು. ಬದಲಿಗೆ ಕೂತದ್ದು ಡ್ಯೂಪ್ ಬೆಟ್ಟಿ ಡ್ಯಾಂಕೋ. ಆ ಕೊಳವೆ ಸ್ಫೋಟಿಸಿ ಕಾಲಿಗೆ ಭಾರಿ ಗಾಯ, ಆಸ್ಪತ್ರೆ. ಹ್ಯಾಮಿಲ್ಟನ್ ಅವರ ಅಂಜಿಕೆ ಅಲ್ಲ ಅದು, ಅಂದಾಜು.

ಕಡಲತಡಿ
ಮಾಟಗಾತಿ ಪೊರಕೆಯ ಹೊಗೆಯಲ್ಲಿ ಆಕಾಶದಲ್ಲಿ ಬರೆಯುವ ಆ ಬೆದರಿಕೆ ಹೇಗೆ ತೆಗೆದದ್ದು ಗೊತ್ತುಂಟಾ? ವಿಮಾನವೂ ಇಲ್ಲ, ಹೊಗೆಯೂ ಇಲ್ಲ. ಗಾಜಿನ ತಳದ ತೊಟ್ಟಿಯಲ್ಲಿ ಹಾಲಿನ ಬಣ್ಣದ ದ್ರವ, ಮೇಲಿನಿಂದ ಇಂಜೆಕ್ಷನ್ ಸೂಜಿಯಲ್ಲಿ ಕಪ್ಪು ಬಣ್ಣ ಬಿಡ್ತಾ ಬರೆದದ್ದು, ಸೂಜಿಯ ತುದಿಯಲ್ಲಿ ಉಗುರಿಗಿಂತ ಸಣ್ಣ ಮಾಟಗಾತಿ ಬೊಂಬೆ. ಕ್ಯಾಮೆರಾ ಕೆಳಗೆ. ಹಾಗಾಗಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು. ಮೊದಲು ತೆಗೆದದ್ದರಲ್ಲಿ 'ಡೊರೊಥಿ, ಶರಣಾಗು, ಇಲ್ಲವೇ ಸಾಯಿ' ಅಂತ ಇತ್ತು. 'ಇಲ್ಲವೇ ಸಾಯಿ' ಆಮೇಲೆ ಕತ್ತರಿಸಿದ್ರು.

ಅರ್ಧಟಿಕೆಟ್
ಸುಂಟರಗಾಳಿ ಕೂಡ ನಿಜವಾದ್ದಲ್ವಾ? 😀

ಕಡಲತಡಿ
35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಕೊಳವೆ ಮಾರಾಯ್ರೆ. ಸುತ್ತ ಮಣ್ಣು ಹಾರಿಸಿದ್ದು. ಕರಗುವ ದೃಶ್ಯಕ್ಕೂ ಇಷ್ಟೇ ಸಲೀಸು ಉಪಾಯ: ಅಂಗಿಯ ಅಂಚು ನೆಲಕ್ಕೆ ಬಿಗಿದು, ಒಳಗೆ ಡ್ರೈ ಐಸ್ ಇಟ್ಟು, ನಟಿಯನ್ನು ಲಿಫ್ಟ್‌ನಲ್ಲಿ ಕೆಳಗೆ ಇಳಿಸಿದ್ದು. ಬಟ್ಟೆ ಮೇಲೆ ಉಳೀತದೆ, ಆಳು ಕೆಳಗೆ ಹೋಗ್ತದೆ. ಇಲ್ಲಿ ಬೆಂಕಿಯೇ ಬೇಕಿರಲಿಲ್ಲ.

ಚುರುಮುರಿ22
ಕಾಡಿನ ದೃಶ್ಯದಲ್ಲಿ ಹಿಂದೆ ಒಬ್ಬ ಮಂಚ್‌ಕಿನ್ ನೇಣು ಹಾಕಿಕೊಂಡಿರೋದು ಕಾಣುತ್ತೆ ಅಂತಾರಲ್ಲ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ??

ರೀಲುಪೆಟ್ಟಿಗೆ
ಅದು ಹಕ್ಕಿ. ಕಾಡು ಜೀವಂತ ಕಾಣಲಿ ಅಂತ ದೊಡ್ಡ ಹಕ್ಕಿಗಳನ್ನ ತಂದು ಸೆಟ್‌ನಲ್ಲಿ ಬಿಟ್ಟಿದ್ರು, ಒಂದು ರೆಕ್ಕೆ ಬಿಚ್ತದೆ, ಅಷ್ಟೇ. ಹಳೇ ವಿಎಚ್‌ಎಸ್ ಪ್ರತಿಯ ಮಸುಕಿನಲ್ಲಿ ಹುಟ್ಟಿದ ಪುಕಾರು. ಸ್ವಚ್ಛ ಮಾಡಿದ ಪ್ರತಿಯಲ್ಲಿ ಕೊಕ್ಕು ಕತ್ತು ಎಲ್ಲ ಕಾಣ್ತದೆ.

ವಾದಪ್ರಿಯ
ಸರಿ, ನನ್ನ ವಾದಕ್ಕೆ ವಾಪಸ್. ಇಷ್ಟು ಹೆಸರಾದ ಪಾತ್ರವನ್ನ ಮೊದಲು ಆಯ್ಕೆಯಾಗಿದ್ದ ನಟಿ ಗೇಲ್ ಸೋಂಡರ್‌ಗಾರ್ಡ್ ಬೇಡ ಅಂದರು ತಾನೇ? ಯಾಕೆ? ಕುರೂಪಿಯಾದ್ರೆ ಮುಂದೆ ಪಾತ್ರ ಸಿಗಲ್ಲ ಅಂತ. ಆಗಿನ ನಟಿಯರಿಗೇ ಆ ಭಯ ಇತ್ತು ಅಂದ್ಮೇಲೆ ನಾನು ಹೇಳ್ತಿರೋದು ತಪ್ಪಾ?

ರೀಲುಪೆಟ್ಟಿಗೆ
ಒಳ್ಳೆ ಪಾಯಿಂಟು, ಆದ್ರೆ ನಿಮ್ಮ ಕಡೆಗೆ ಬರಲ್ಲ.

ಸೋಂಡರ್‌ಗಾರ್ಡ್ ಪರೀಕ್ಷೆ ಕೊಟ್ಟಾಗ ಮಾಟಗಾತಿ ಚೆಲುವೆ. ಡಿಸ್ನಿಯ 'ಸ್ನೋ ವೈಟ್' (1937) ರಾಣಿಯ ಧಾಟಿ, ಮಿಣಮಿಣ ಮಿಂಚೋ ಕಪ್ಪು ಉಡುಪು, ಫೋಟೋ ಇವತ್ತೂ ಸಿಗ್ತದೆ. ಆಮೇಲೆ ನಿರ್ಮಾಪಕ ಮರ್ವಿನ್ ಲಿರಾಯ್ ಕಡೆಯವರು ಮನಸ್ಸು ಬದಲಾಯಿಸಿ ಕುರೂಪಿ ಮಾಡಿ ಅಂದಾಗ ಆಕೆ ಹಿಂದೆ ಸರಿದರು. ಅವರಿಗೆ ಕಳ್ಕೊಳ್ಳೋಕೆ ಏನೋ ಇತ್ತು: 1936ರ 'ಆಂಥನಿ ಅಡ್ವರ್ಸ್'ಗೆ ಅತ್ಯುತ್ತಮ ಪೋಷಕ ನಟಿ ಆಸ್ಕರ್, ಆ ವಿಭಾಗದ ಮೊಟ್ಟಮೊದಲನೆಯದು. ಖಳನಟಿ ಅನ್ನೋ ಬಿರುದು ನಿಜವಾಗಿ ಸಲ್ಲಬೇಕಾದ್ದು ಅವರಿಗೆ. 'ದಿ ಲೆಟರ್' (1940), ಷೆರ್ಲಾಕ್ ಹೋಮ್ಸ್ ಎದುರು 'ಸ್ಪೈಡರ್ ವುಮನ್', ತಣ್ಣಗೆ ನಕ್ಕೇ ಕೊಲ್ಲೋ ಪಾತ್ರಗಳು.

ಅವರ ವೃತ್ತಿಜೀವನ ಮುಗಿಸಿದ್ದು ಕುರೂಪವಲ್ಲ, ರಾಜಕೀಯ. ಗಂಡ ಹರ್ಬರ್ಟ್ ಬೀಬರ್‌ಮನ್ 'ಹಾಲಿವುಡ್ ಟೆನ್'ನಲ್ಲಿ (ಕಮ್ಯುನಿಸ್ಟರೇ ಅನ್ನೋ ವಿಚಾರಣೆಯಲ್ಲಿ ಉತ್ತರ ಕೊಡದೆ ಜೈಲಿಗೆ ಹೋದ ಹತ್ತು ಮಂದಿ) ಒಬ್ಬರು. ಕಪ್ಪುಪಟ್ಟಿಗೆ ಹೆಸರು ಸೇರಿ ಇಪ್ಪತ್ತು ವರ್ಷದ ಹತ್ತಿರ ತೆರೆಯಿಂದ ದೂರ. ಚೆಲುವನ್ನ ಕಾಪಾಡಿಕೊಂಡವರು ಮನೇಲಿ, ಮುಖಕ್ಕೆ ತಾಮ್ರ ಬಳಿದುಕೊಂಡವರು ಕೆಲಸದಲ್ಲಿ.

ಧಾರವಾಡಪೇಢೆ
ಇಬ್ಬರೂ 1985ರಾಗ ತೀರಿಕೊಂಡ್ರು, ಅದೊಂದು ವಿಚಿತ್ರ ನೋಡ್ರಿ.

ಮತ್ತ ಹ್ಯಾಮಿಲ್ಟನ್‌ಗ ಖಳನಟಿ ಅನ್ನೂದ ನನಗ ಒಪ್ಪಿಗಿಲ್ಲ. 'ದೀಸ್ ತ್ರೀ' (1936) ನೋಡ್ರಿ, ಸುಳ್ಳು ಹೇಳಿ ಮೂರು ಮಂದಿ ಬಾಳು ಕೆಡಿಸಿದ ಹುಡುಗಿ ಕಪಾಳಕ್ಕ ಕಡೀಕ ಫಟೀರಂತ ಬಾರಿಸಾಕಿ ಯಾರು? ಮನಿಗೆಲಸದ ಅಗಾಥಾ, ಅಂದ್ರ ನಮ್ಮ ಹ್ಯಾಮಿಲ್ಟನ್. ನೋಡೋರ ಕೈ ತುರಿಕಿ ತೀರಸಾಕಿ ಅಕಿ. ಇದನ್ನ ಖಳ ಅಂತಾರೇನು?

ಮೂಲೆಸೀಟು
ಹಾಗಾದರೆ ತಲೆಬರಹದಲ್ಲಿ 'ಖಳನಟಿ' ಹಾಕದೇ ಇದ್ದದ್ದು ಒಳ್ಳೇದೇ ಆಯ್ತು. ನಮ್ಮಲ್ಲಿ 'ಪೋಷಕ ನಟಿ' ಅನ್ನೋ ಮಾತು ಇವರಿಗೆ ಸರಿಯಾಗಿ ಕೂರುತ್ತೆ.

ಇನ್ನೊಂದು ಅನುಮಾನ. ಈ ಪ್ರಸಿದ್ಧಿ 1939ರಲ್ಲೇ ಬಂತಾ?

ಲೆಕ್ಕದಪುಸ್ತಕ
ಇಲ್ಲ, ಮತ್ತೆ ಎಲ್ಲರೂ ಎಡವೋದು ಇಲ್ಲೇ. ಸಿನಿಮಾಕ್ಕೆ ಸುಮಾರು 28 ಲಕ್ಷ ಡಾಲರ್ ಖರ್ಚು, ಮೊದಲ ಬಿಡುಗಡೆಯಲ್ಲಿ ಬಂದದ್ದು 30 ಲಕ್ಷದ ಆಸುಪಾಸು. ಪ್ರಿಂಟು, ಪ್ರಚಾರ, ಹಂಚಿಕೆ ಕಳೆದರೆ ನಷ್ಟ. ಲಾಭ ಕಂಡದ್ದು 1949ರ ಮರುಬಿಡುಗಡೆಯ ಮೇಲೆ. ಮಾಟಗಾತಿಯನ್ನ ಮನೆಮಾತು ಮಾಡಿದ್ದು ಟಿವಿ: 1956 ನವೆಂಬರ್ 3ರಂದು ಸಿಬಿಎಸ್‌ನಲ್ಲಿ ಮೊದಲ ಪ್ರಸಾರ, 1959ರಿಂದ ವರ್ಷಕ್ಕೊಂದು ಸಲ. ಅಂದರೆ ಪಾತ್ರ ಮಾಡಿ ಹದಿನೇಳು ವರ್ಷದ ಮೇಲೆ, ಐವತ್ತು ದಾಟಿದ ಮೇಲೆ ಬಂದ ಹೆಸರು. 1940ರ ದಶಕದಲ್ಲಿ ಯಾವ ನಿರ್ಮಾಪಕನೂ 'ಅಯ್ಯೋ ಇವರು ಮಾಟಗಾತಿ, ಬೇಡ' ಅಂದಿರೋ ಸಂಭವ ಕಮ್ಮಿ.

ಸಿಬಿಎಸ್ ಒಂದು ಪ್ರಸಾರಕ್ಕೆ ಕೊಟ್ಟದ್ದು 2,25,000 ಡಾಲರ್ ಅಂತ ದಾಖಲಾಗಿದೆ. ಅದರಲ್ಲಿ ಹ್ಯಾಮಿಲ್ಟನ್ ಪಾಲು ಸೊನ್ನೆ.

ವಾದಪ್ರಿಯ
ಸೊನ್ನೆ?? ನಟರ ಸಂಘ ಏನು ಮಾಡ್ತಿತ್ತು?

ಲೆಕ್ಕದಪುಸ್ತಕ
1960ರಲ್ಲಿ ಮುಷ್ಕರ ಮಾಡಿತು, ಆಗ ಅಧ್ಯಕ್ಷ ರೊನಾಲ್ಡ್ ರೇಗನ್. ಗೆದ್ದದ್ದು 1960ರಿಂದ ಮುಂದಿನ ಚಿತ್ರಗಳಿಗೆ ಟಿವಿ ಮರುಪ್ರಸಾರದ ಪಾಲು. 1948ರಿಂದ 59ರವರೆಗಿನ ಚಿತ್ರಗಳ ಹಕ್ಕು ಬಿಟ್ಟುಕೊಟ್ಟು, ಬದಲಿಗೆ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಒಟ್ಟು 22.5 ಲಕ್ಷ ಡಾಲರ್ ತಗೊಂಡ್ರು. 1948ಕ್ಕಿಂತ ಹಿಂದಿನವರಿಗೆ ಏನೂ ಇಲ್ಲ. ಹಳೇ ನಟರು ಇದಕ್ಕೆ ರೇಗನ್‌ರನ್ನ ಕಡೇವರೆಗೂ ಬೈದರು.

ಧಾರವಾಡಪೇಢೆ
ಅಂದ್ರ ಬೆಂಕಿ ಅಕಿಗೆ, ಬೆಳಕು ಸ್ಟುಡಿಯೋಕ್ಕ.

ರೀಲುಪೆಟ್ಟಿಗೆ
ನೇರ ದುಡ್ಡು ಬರಲಿಲ್ಲ, ಆದರೆ ಆ ಹೆಸರಿನ ಮೇಲೆ ಕೆಲಸ ಬಂತು. 1960ರ '13 ಗೋಸ್ಟ್ಸ್'ನಲ್ಲಿ ಮನೆವಾರ್ತೆಯ ಹೆಂಗಸು, ಹುಡುಗ ಅವರನ್ನ ಮಾಟಗಾತಿ ಅಂತಲೇ ಕರೀತಾನೆ, ಕೊನೆಗೆ ಪೊರಕೆ ಹಿಡಿದು ಕ್ಯಾಮೆರಾ ಕಡೆ ನೋಡ್ತಾರೆ. 'ದಿ ಆಡಮ್ಸ್ ಫ್ಯಾಮಿಲಿ'ಯಲ್ಲಿ ಮಾರ್ಟಿಷಿಯಾಳ ತಾಯಿ. 1970ರಲ್ಲಿ ರಾಬರ್ಟ್ ಆಲ್ಟ್‌ಮನ್‌ರ 'ಬ್ರೂಸ್ಟರ್ ಮೆಕ್‌ಕ್ಲೌಡ್', ಶುರುವಿನಲ್ಲೇ ರಾಷ್ಟ್ರಗೀತೆ ಕಿರುಚಿ ಹಾಡ್ತಾರೆ, ಸತ್ತು ಬಿದ್ದಾಗ ಕಾಲಲ್ಲಿ ಆಜ್‌ನ ಡೊರೊಥಿಯ ಥರದ್ದೇ ಕೆಂಪು ಮಿಂಚಿನ ಚಪ್ಪಲಿ! ಕಾರ್ಟೂನ್ 'ಜರ್ನಿ ಬ್ಯಾಕ್ ಟು ಆಜ್'ನಲ್ಲಿ ಮಾಟಗಾತಿಯ ದನಿ ಅಲ್ಲ, ಡೊರೊಥಿಯ ಅಕ್ಕರೆಯ ಚಿಕ್ಕಮ್ಮ ಎಮ್‌ಳ ದನಿ. ಡೊರೊಥಿ ದನಿ ಜೂಡಿ ಮಗಳು ಲೈಜಾ ಮಿನೆಲಿ. ರಂಗದ ಮೇಲೆ 1969ರಲ್ಲಿ ಲಿಂಕನ್ ಸೆಂಟರ್‌ನ 'ಒಕ್ಲಹೋಮಾ!'ದಲ್ಲಿ ಆಂಟ್ ಎಲ್ಲರ್.

ಇದಕ್ಕೆಲ್ಲ ಮೀರಿ, 1970ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಜಾಹೀರಾತಿನ ಅಂಗಡಿಯಮ್ಮ ಕೋರಾ. ವರ್ಷಗಟ್ಟಲೆ ನಡೀತು. ಆ ತಲೆಮಾರಿನ ಅಮೆರಿಕನ್ನರಿಗೆ ಆಕೆ ಕಾಫಿ ಅಜ್ಜಿ.

ಚುರುಮುರಿ22
ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನವರು ಬ್ಯಾನ್ ಮಾಡಿದ್ದು ಇವರನ್ನೇ ಅಲ್ವಾ?

ಕಡಲತಡಿ
ಅವರನ್ನಲ್ಲ, ಅವರಿದ್ದ ಕಂತನ್ನು. 847ನೇ ಕಂತು, 1976 ಫೆಬ್ರವರಿ 10. ಕಥೆ ಪಾಪದ್ದು: ಮಾಟಗಾತಿಯ ಪೊರಕೆ ಬೀದಿಗೆ ಬೀಳ್ತದೆ, ಮರ್ಯಾದೆಯಿಂದ ಕೇಳಿದರೆ ಮಾತ್ರ ಕೊಡ್ತೇನೆ ಅಂತಾನೆ ಆ ಬೀದಿಯ ಡೇವಿಡ್. ಮಕ್ಕಳು ಹೆದರಿ ಅತ್ತವು ಅಂತ ತಂದೆತಾಯಂದಿರ ಪತ್ರಗಳು ರಾಶಿ ಬಿದ್ದವು. ಮತ್ತೆ ಪ್ರಸಾರವೇ ಆಗಲಿಲ್ಲ. 2022ರಲ್ಲಿ ಅಂತರ್ಜಾಲಕ್ಕೆ ಸೋರಿಕೆ ಆಯ್ತು.

ಅದಕ್ಕೆ ಹಿಂದಿನ ವರ್ಷವೇ ಮಿಸ್ಟರ್ ರೋಜರ್ಸ್ ಅನ್ನುವ ಇನ್ನೊಂದು ಮಕ್ಕಳ ಕಾರ್ಯಕ್ರಮದಲ್ಲಿ ಸಾದಾ ಬಟ್ಟೆಯಲ್ಲಿ ಬಂದು, ಮಕ್ಕಳ ಎದುರಿಗೇ ಲಂಗ, ಟೋಪಿ ಒಂದೊಂದಾಗಿ ಹಾಕಿ, ಇದು ಬರೀ ಆಟ ಅಂತ ತೋರಿಸಿದ್ದರು. ವೇಷ ಕಟ್ಟುವುದನ್ನು ಕಂಡರೆ ಹೆದರಿಕೆ ಇಳೀತದೆ, ಕಟ್ಟಿದ ವೇಷವೇ ದಿಢೀರ್ ಎದುರು ಬಂದರೆ ಏರ್ತದೆ. ಎರಡು ಕಂತಿಗೂ ಇರುವ ವ್ಯತ್ಯಾಸ ಅದೇ. ಶಿಶುವಿಹಾರದ ಟೀಚರಿಗೆ ಅದು ಗೊತ್ತಿತ್ತು, ಕಾರ್ಯಕ್ರಮ ಬರೆದವರಿಗೆ ಗೊತ್ತಿರಲಿಲ್ಲ.

ಬಣ್ಣದಪೆಟ್ಟಿಗೆ
ಸಣ್ಣ ಸೇರ್ಪಡೆ. ಸಿನಿಮಾಕ್ಕೆ ಮೂಲವಾದ 1900ರ ಬಾಮ್ ಪುಸ್ತಕದಲ್ಲಿ ಈ ಮಾಟಗಾತಿ ಹಸಿರೇ ಅಲ್ಲ, ಒಕ್ಕಣ್ಣಿ. ಡೊರೊಥಿಯ ಚಪ್ಪಲಿಯೂ ಬೆಳ್ಳಿಯದು, ಟೆಕ್ನಿಕಲರ್‌ನಲ್ಲಿ ಎದ್ದು ಕಾಣಲಿ ಅಂತ ಸಿನಿಮಾದವರು ಕೆಂಪು ಮಾಡಿದ್ರು. ಇದೇ ಮಾಟಗಾತಿಯ ಕಥೆ ಹೇಳೋ 'ವಿಕೆಡ್'ನ ಎಲ್ಫಾಬಾ ಹಸಿರಿರೋದು ಬಾಮ್ ಪುಸ್ತಕದಿಂದ ಬಂದದ್ದಲ್ಲ, ಹ್ಯಾಮಿಲ್ಟನ್ ಮುಖದಿಂದ ಬಂದದ್ದು.

ವಾದಪ್ರಿಯ
ಸರಿ ಸ್ವಾಮಿ, ಅರ್ಧ ಒಪ್ಪಿದೆ. ಕೆಲಸ ಕಮ್ಮಿ ಆಗಲಿಲ್ಲ. ಆದರೆ 1939ರ ನಂತರ ಒಂದೇ ಒಂದು ಮುಖ್ಯ ಪಾತ್ರ ತೋರಿಸಿ ನೋಡೋಣ.

ರೀಲುಪೆಟ್ಟಿಗೆ
1939ಕ್ಕೆ ಮುಂಚಿನದ್ದೊಂದು ನೀವು ತೋರಿಸಿ, ಆಮೇಲೆ ನಾನು ತೋರಿಸ್ತೀನಿ.

ಮೂಲೆಸೀಟು
🙂 ಇನ್ನು ಒಂದು: ಆಜ್ ಬಿಟ್ಟು ಅವರದ್ದು ಮೊದಲು ಯಾವುದು ನೋಡ್ಲಿ?

ಧಾರವಾಡಪೇಢೆ
'ದೀಸ್ ತ್ರೀ'. ಕಪಾಳಮೋಕ್ಷದ ತನಕಾ ಎದ್ದು ಹೋಗಬ್ಯಾಡ್ರಿ.

ರೀಲುಪೆಟ್ಟಿಗೆ
ನನ್ನ ಓಟು 'ಸ್ಟೇಟ್ ಆಫ್ ದಿ ಯೂನಿಯನ್'ಗೆ. ಟ್ರೇಸಿ ಜೊತೆ ಬಾಯಿಗೆ ಬಾಯಿ ಕೊಡೋ ಮನೆಗೆಲಸದ ನೋರಾ. ದೃಶ್ಯ ಸಣ್ಣದು, ಆದರೆ ಆ ಮೂಗಿನ ಕೆಳಗೆ ಎಂಥ ಹಾಸ್ಯ ಇತ್ತು ಅನ್ನೋದು ಗೊತ್ತಾಗುತ್ತೆ.

ಪಾಪ್‌ಕಾರ್ನ್‌ಪೊಟ್ಟಣ
ಎಲ್ಲಾ ಓದಲಿಲ್ಲ. ಚಂದ್ರನ ಮೇಲೆ ಮನುಷ್ಯನನ್ನ ಇಳಿಸಿದ ಸಾಫ್ಟ್‌ವೇರ್ ಇವರದ್ದೇ ತಾನೇ?

ಅರ್ಧಟಿಕೆಟ್
ಹೌದು, ಪೊರಕೆ ಮೇಲೆ ಕೂತು ಬರೆದದ್ದು.